ಊರು ಒಂದಾದರೆ ತವರು ಯಾವುದು?

ಗುರುಸಿದ್ದಮ್ಮ ಗೌರಿಹಬ್ಬಕ್ಕೆ ತವರಿಗೆ ಹೊರಡುವ ಸಂಭ್ರಮವನ್ನು ನೋಡಿಯೇ ನಂಬಬೇಕು. ವಾರ ಮುಂಚಿನಿಂದಲೇ ಸೀರೆ ಮಡಚುವುದೇನು, ರಾಗಿಹಿಟ್ಟಿನ ಡಬ್ಬ ಎಲ್ಲಿದೆ, ಹಾಲಿನವನಿಗೆ ಏನು ಹೇಳಬೇಕು, ಹಸುವಿಗೆ ಬೂಸಾ ಎಷ್ಟು ಹಾಕಬೇಕು ಎಂದು ಗಂಡ ಮರುಳಸಿದ್ದಯ್ಯನವರಿಗೆ ಪಾಠ ಮಾಡುವುದೇನು! ಹೊರಡುವ ದಿನ ಅತ್ತೆಯ ಕಾಲಿಗೆ ಬಿದ್ದು, ಚಕ್ರದ ಸೂಟ್‌ಕೇಸು ಎಳೆದುಕೊಂಡು ಮೆಟ್ಟಿಲಿಳಿದು ಹೊರಟಳೆಂದರೆ, ರಸ್ತೆ ದಾಟುವಷ್ಟರಲ್ಲಿ ಪ್ರಯಾಣ ಮುಗಿದುಹೋಗುತ್ತಿತ್ತು. ರಸ್ತೆಯ ಆ ಕಡೆಯದೇ ಅವಳ ತವರು.

ನಗಬೇಡಿ. ರಸ್ತೆಯ ಈಚೆಯದು ಹಲಸಿನಕಟ್ಟೆ, ತಿಪಟೂರು ತಾಲ್ಲೂಕು. ಆಚೆಯದು ಈಚಲಪಾಳ್ಯ, ತುರುವೇಕೆರೆ ತಾಲ್ಲೂಕು. ನಡುವೆ ಮೊಣಕಾಲೆತ್ತರದ ಗಡಿಕಲ್ಲು. ಎರಡೂ ಕಡೆ ಅವೇ ತೆಂಗಿನ ತೋಟ, ಅವೇ ಹೆಂಚಿನ ಮನೆ, ಅಟ್ಟದ ಮೇಲೆ ಕೊಬ್ಬರಿಯಾಗಲು ವರ್ಷಗಟ್ಟಲೆ ಮಲಗಿರುವ ಅವೇ ಕಾಯಿ. ಆದರೂ ಊರು ಎರಡು. ಎರಡು ಶಾಲೆ, ಎರಡು ಬಸ್ಸು, ಎರಡು ಗಣಪತಿ. ಈಚೆಯ ಬಸ್ಸು ಈ ಕಡೆ ಬೇವಿನ ಮರ ಸುತ್ತಿ ವಾಪಸ್ಸು, ಆಚೆಯದು ಆ ಕಡೆ ಹೊಂಗೆ ಮರ ಸುತ್ತಿ ವಾಪಸ್ಸು. ಎದುರು ಮನೆಯವರನ್ನು ‘ಪರವೂರಿನವರು’ ಎನ್ನುವ ಜನ ಇವರು.

ಈ ರಸ್ತೆಯನ್ನು ದಾಟಿದರೆ ಗುರುಸಿದ್ದಮ್ಮನೇ ಬದಲಾಗುತ್ತಿದ್ದಳು. ಹಲಸಿನಕಟ್ಟೆಯಲ್ಲಿ ಅವಳು ಸೊಸೆ. ಬೀದಿಗಿಳಿದರೆ ಹೆಗಲ ತುಂಬ ಸೆರಗು ಹೊದೆಯಬೇಕು, ಜಗಲಿಯ ಮೇಲೆ ಕೂರುವಂತಿಲ್ಲ, ಹಲ್ಲು ಕಾಣುವ ಹಾಗೆ ನಗುವಂತಿಲ್ಲ, ನಾಲ್ಕು ಜನರ ಮುಂದೆ ದನಿ ಏರಿಸುವಂತಿಲ್ಲ. ಅವಳ ಸ್ವಂತ ಸೊಸೆ ದಾನೇಶ್ವರಿ ಸ್ಕೂಟಿ ಏರಿ ನೊಣವಿನಕೆರೆಯ ಬ್ಯಾಂಕಿಗೆ ಕೆಲಸಕ್ಕೆ ಹೋಗಿಬರುತ್ತಾಳೆ, ಅವಳಿಗೆ ಈ ಕಟ್ಟಳೆ ಯಾವುದೂ ತಾಗಲಿಲ್ಲ. ಕಾಲ ಬದಲಾಯಿತು ಎಂದು ಎಲ್ಲರೂ ಹೇಳಿದರು, ಆದರೆ ನಿನಗೂ ಬದಲಾಯಿತು ಎಂದು ಗುರುಸಿದ್ದಮ್ಮನಿಗೆ ಮಾತ್ರ ಯಾರೂ ಹೇಳಲಿಲ್ಲ.

ಗಡಿಕಲ್ಲು ದಾಟಿದಳೋ, ಸೆರಗು ಸೊಂಟಕ್ಕೆ! ತಮ್ಮ ತೋಂಟದಾರ್ಯನ ಮನೆ ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತು, ಹೋಗಿಬರುವವರನ್ನೆಲ್ಲ ಕರೆದು ಮಾತಾಡಿಸಿ, ಚೌಕಾಬಾರದಲ್ಲಿ ಕವಡೆ ಕದ್ದು ಗೆದ್ದು, ಸಿಕ್ಕಿಬಿದ್ದಾಗ ಜಗಳ ಮಾಡಿ, ಊರೇ ಕೇಳುವಂತೆ ನಗುತ್ತಿದ್ದಳು. ಆ ನಗು ಈಚೆಗೂ ಕೇಳುತ್ತಿತ್ತು. ಕೇಳಿದರೇನಂತೆ, ಅದು ಪರವೂರಿನ ಹೆಣ್ಣುಮಗಳ ನಗು. ನಾಲ್ಕು ದಿನ ಕಳೆದ ಮೇಲೆ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಗಿಟುಕು ತುಂಬಿಸಿಕೊಂಡು, ಕಣ್ಣೊರೆಸಿಕೊಳ್ಳುತ್ತ ರಸ್ತೆ ದಾಟಿ ಮತ್ತೆ ಸೊಸೆಯಾಗುತ್ತಿದ್ದಳು.

ಹೀಗಿರುವಾಗ ಮರುಳಸಿದ್ದಯ್ಯನವರ ತಲೆಗೆ ಎರಡೂರನ್ನು ಒಂದು ಮಾಡುವ ಯೋಚನೆ ಹೊಕ್ಕಿತು. ಅವರು ಪತ್ರಿಕೆಯನ್ನು ಮೊದಲ ಪುಟದಿಂದ ಟೆಂಡರು ಜಾಹೀರಾತಿನವರೆಗೆ ಬಿಡದೆ ಓದುವ ಮನುಷ್ಯ. ಊರಿಗೊಂದು ಆಸ್ಪತ್ರೆ ಕೇಳಲು ಸರ್ಕಾರಿ ಕಚೇರಿಗೆ ಹೋದಾಗ ಅಲ್ಲಿದ್ದವರೊಬ್ಬರು, ‘ಒಂದೊಂದೇ ಊರಿಗೆ ಜನ ಸಾಲದು. ಎರಡೂ ಸೇರಿ ಒಂದೂರಾದರೆ ಸಿಗಬಹುದು. ಆದರೆ ಒಬ್ಬರ ತಕರಾರೂ ಇರಬಾರದು’ ಎಂದಿದ್ದರು. ಅಂದಿನಿಂದ ಅವರ ಬಾಯಲ್ಲಿ ಬರೀ ಜರ್ಮನಿ.

“ಜರ್ಮನಿ ಎರಡಿತ್ತು ಕಣ್ರಪ್ಪ. ಮಧ್ಯಕ್ಕೆ ಗೋಡೆ ಕಟ್ಟಿದ್ರು. ಒಡೆದು ಒಂದಾಗ್ಲಿಲ್ವಾ? ಅಂಥಾ ದೇಶದೇಶಗಳೇ ಒಂದಾಗೋವಾಗ ನಮ್ದೇನು?”

“ಅಯ್ನೋರೆ, ನಮ್ಮಲ್ಲಿ ಗೋಡೆನೇ ಇಲ್ವಲ್ಲ, ಏನ ಒಡೆಯಾನ?” ಎಂದು ಕೇಳಿದ್ದ ಈಚಲಪಾಳ್ಯದ ಗಿಡ್ಡಯ್ಯ. ತೆಂಗಿನ ಮರ ಹತ್ತುವ ಗಿಡ್ಡಯ್ಯನಿಗೆ ಎರಡೂರಿನ ತೋಟವೂ ಒಂದೇ, ಎರಡೂರಿನ ದೊಡ್ಡವರನ್ನು ಕೆಣಕುವುದರಲ್ಲೂ ಭೇದವಿಲ್ಲ.

“ಕೊರಿಯಾ ಇನ್ನೂ ಎರಡೇ ಐತಲ್ಲ, ಭಾವ?” ಎಂದು ತೋಂಟದಾರ್ಯ ಕೊಕ್ಕೆ ಹಾಕಿದ.

“ಅದಕ್ಕೇ ನೋಡು, ಅವರು ದಿನಾ ಬಡಿದಾಡ್ತಾ ಕೂತವ್ರೆ.”

ಹೀಗೆ ಬೇವಿನ ಮರದ ಕೆಳಗೊಂದು, ಹೊಂಗೆ ಮರದ ಕೆಳಗೊಂದು ಚರ್ಚೆಯಾಗಿ, ಕಾಫಿ ಕುಡಿದೂ ಕುಡಿದೂ, ಒಂದೂರು ಮಾಡಿ ಎಂದು ಅರ್ಜಿ ಹಾಕಲು ಗಂಡಸರೆಲ್ಲ ಒಪ್ಪಿದರು. ಊರಿಗೆ ಯಾವ ಹೆಸರಿಡುವುದು ಎಂಬುದೊಂದು ಬಾಕಿಯಿತ್ತು, ಅದನ್ನು ಮುಂದೆ ನೋಡಿಕೊಳ್ಳೋಣ ಎಂದುಕೊಂಡರು. ಹೆಂಗಸರನ್ನು ಕೇಳುವುದು ಯಾರಿಗೂ ಹೊಳೆಯಲಿಲ್ಲ. ಆಸ್ಪತ್ರೆ ಬೇಡ ಎನ್ನುವ ಹೆಂಗಸು ಇರುತ್ತಾಳೆಯೇ ಎಂಬ ಧೈರ್ಯ ಅವರಿಗೆ.

ಒಂದು ಸಂಜೆ ಮುದ್ದೆ ಮುರಿಯುತ್ತ ಮರುಳಸಿದ್ದಯ್ಯನವರು ಖುಷಿಯಲ್ಲಿ ಹೇಳಿದರು: “ಇನ್ಮೇಲೆ ನೀನು ಸೂಟ್‌ಕೇಸು ಎಳೆಯಂಗಿಲ್ಲ ಕಣೇ. ಎಲ್ಲ ಒಂದೇ ಊರು. ಅದೇ ಊರಿಂದ ಅದೇ ಊರಿಗೆ ಯಾರಾದ್ರೂ ತವರಿಗೆ ಹೋಗ್ತಾರಾ?”

ಸಾರು ಬಡಿಸುತ್ತಿದ್ದ ಗುರುಸಿದ್ದಮ್ಮನ ಕೈ ನಿಂತಿತು. ಅವಳು ಆಸ್ಪತ್ರೆಯನ್ನು ಯೋಚಿಸಿದ್ದಳು, ಬಸ್ಸನ್ನು ಯೋಚಿಸಿದ್ದಳು, ಇದನ್ನು ಯೋಚಿಸಿರಲಿಲ್ಲ.

“ಅಲ್ರೀ, ಒಂದೇ ಊರಾದ್ಮೇಲೆ ಆ ಬೀದೀಲಿ ನಾನು ಮಗಳೋ, ಸೊಸೇನೋ?”

“ಅದೇನ್ ದೊಡ್ ವಿಷ್ಯ ಬುಡು” ಎಂದು ಅವರು ಇನ್ನೊಂದು ತುತ್ತು ಮುರಿದರು. ಮುದ್ದೆ ತಣ್ಣಗಾಗುತ್ತಿತ್ತು, ಜರ್ಮನಿಯ ಮಾತು ಇನ್ನೂ ಬಾಕಿಯಿತ್ತು.

ಗುರುಸಿದ್ದಮ್ಮನಿಗೆ ಅದು ದೊಡ್ಡ ವಿಷಯವಾಗಿತ್ತು. ಇಡೀ ವರ್ಷ ಆ ನಾಲ್ಕು ದಿನಗಳನ್ನು ನೆನೆದುಕೊಂಡೇ ಅವಳು ದಿನ ದೂಡುತ್ತಿದ್ದಳು. ಆಚೆ ಬೀದಿಯೂ ಗಂಡನ ಊರಾಗಿಬಿಟ್ಟರೆ, ಸೆರಗು ಇಳಿಸುವುದಕ್ಕೆ ಭೂಮಿಯ ಮೇಲೆ ಅವಳಿಗೊಂದು ಜಾಗವಿರುವುದಿಲ್ಲ. ಹಾಗೆಂದು ಬೇಡವೆಂದರೆ ಊರಿಗೆ ಬರುವ ಆಸ್ಪತ್ರೆ ತಪ್ಪಿಸಿದಳು ಎಂದು ಹೆಸರು ಬರುತ್ತದೆ. ಅವಳಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ ಪಾತ್ರೆಗಳ ಮೇಲೆ ತೀರಿಸಿಕೊಂಡಳು.

ಭಾನುವಾರ ಮಧ್ಯಾಹ್ನ ಎರಡೂರಿನ ಸಭೆ. ಎಲ್ಲಿ ಸೇರುವುದು ಎಂಬುದಕ್ಕೇ ಜಗಳವಾಗಿ, ಕೊನೆಗೆ ರಸ್ತೆಯ ಮೇಲೇ ಶಾಮಿಯಾನ ಹಾಕಿದರು. ಗಡಿಕಲ್ಲು ನಟ್ಟನಡುವೆ. ಅದರ ಈಚೆಗೆ ಹಲಸಿನಕಟ್ಟೆಯ ಕುರ್ಚಿ, ಆಚೆಗೆ ಈಚಲಪಾಳ್ಯದ ಕುರ್ಚಿ. ಒಂದಾಗಲು ಬಂದವರು ಒಬ್ಬರ ಕುರ್ಚಿಯಲ್ಲಿ ಒಬ್ಬರು ಕೂರಲಿಲ್ಲ. ಹೆಂಗಸರು ಎರಡೂ ಕಡೆ ಹಿಂದೆ, ಚಾಪೆಯ ಮೇಲೆ. ಗುರುಸಿದ್ದಮ್ಮನ ಪಕ್ಕ ಅವಳ ಅತ್ತೆ ದೇವೀರಮ್ಮ. ವಯಸ್ಸು ಎಂಬತ್ತರ ಹತ್ತಿರ, ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ.

ಮರುಳಸಿದ್ದಯ್ಯನವರು ಮೈಕು ಹಿಡಿದು ಜರ್ಮನಿಯ ಗೋಡೆಯನ್ನು ಮತ್ತೊಮ್ಮೆ ಕೆಡವಿದರು. ಚಪ್ಪಾಳೆ ಬಿತ್ತು. “ಹಂಗಾರೆ ಎಲ್ರೂ ಒಪ್ಪಿದಂಗಾಯ್ತು. ಬ್ಯಾಡ ಅನ್ನೋರು ಯಾರಾದ್ರೂ ಇದ್ದೀರಾ?” ಎಂದು ಬಾಯಿಮಾತಿಗೆ ಕೇಳಿದರು.

ಗುರುಸಿದ್ದಮ್ಮ ಎದ್ದು ನಿಂತಳು.

ನಿಂತವಳಿಗೆ ದನಿ ಹೊರಡಲಿಲ್ಲ. ಗಂಡ, ಭಾವಂದಿರು, ಊರಿನ ಹಿರಿಯರು, ಎಲ್ಲರೂ ತಿರುಗಿ ನೋಡುತ್ತಿದ್ದಾರೆ. ಮೂವತ್ತು ವರ್ಷಕ್ಕೂ ಮೇಲೆ ತಗ್ಗಿಸಿಟ್ಟ ದನಿ ಕರೆದ ತಕ್ಷಣ ಬರುತ್ತದೆಯೇ? ಅವಳು ಚಾಪೆ ಬಿಟ್ಟು, ಕುರ್ಚಿಗಳ ನಡುವೆ ನಡೆದು, ಗಡಿಕಲ್ಲು ದಾಟಿ ಆಚೆ ನಿಂತಳು. ಸೆರಗನ್ನು ಹೆಗಲಿನಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿದಳು. ದನಿ ಬಂತು. ಎಂಥ ದನಿ! ಮೈಕಿನ ಹಂಗೇ ಬೇಕಾಗಲಿಲ್ಲ.

“ಏನ್ ಹಂಗ್ ನೋಡ್ತೀರಿ? ಆ ಕಡೆ ನಿಂತ್ರೆ ನನಗೆ ಬಾಯಿ ಬರಾಕಿಲ್ಲ, ಅದಕ್ಕೇ ಈ ಕಡೆ ಬಂದಿವ್ನಿ. ಆಸ್ಪತ್ರೆ ಬರ್ಲಿ, ನನಗೂ ಮಂಡಿನೋವೈತೆ. ಊರು ಒಂದಾಗ್ಲಿ, ಬ್ಯಾಡ ಅನ್ನಲ್ಲ. ಆದ್ರೆ ಒಂದ್ ಮಾತು ಹೇಳ್ರಪ್ಪ. ಇಲ್ಲಿ ನಾನು ಮಗಳು, ಅಲ್ಲಿ ಸೊಸೆ. ಎರಡೂ ಸೇರಿಸ್ಬುಟ್ರೆ ನಾನು ಏನು? ಮಗಳಾಗಿ ಇರಾಕೆ ನನಗಿರಾದೇ ವರ್ಷಕ್ಕೆ ನಾಕು ದಿನ. ಅದನ್ನೂ ನಿಮ್ಮ ಅರ್ಜೀಲಿ ಹಾಕಿ ಕೊಟ್ಬುಟ್ರೆ ನಾನು ಎಲ್ಲಿಗೆ ಹೋಗ್ಲಿ?”

ಅಷ್ಟರಲ್ಲಿ ಈಚಲಪಾಳ್ಯದ ಚಾಪೆಯಿಂದ ಮಂಗಳಾ ಎದ್ದಳು. ಅವಳು ಹಲಸಿನಕಟ್ಟೆಯಲ್ಲಿ ಹುಟ್ಟಿ ಆಚೆಗೆ ಮದುವೆಯಾದವಳು. “ತಡಿರೀ, ನನ್ ತವರು ಆ ಕಡೆ” ಎಂದು ದುಡುದುಡು ನಡೆದು ಈಚೆಗೆ ಬಂದು ನಿಂತಳು. ಅವಳ ಹಿಂದೆ ಇನ್ನೊಬ್ಬಳು. ಈ ಕಡೆಯಿಂದ ಮತ್ತಿಬ್ಬರು. ಇಷ್ಟು ವರ್ಷ ಹೆಣ್ಣು ಕೊಟ್ಟು ತಂದು ಮಾಡಿದ ಊರುಗಳಲ್ಲವೇ, ನೋಡನೋಡುತ್ತಿದ್ದಂತೆ ಚಾಪೆಗೆ ಚಾಪೆಯೇ ಎದ್ದಿತು. ಆಚೆಯವರು ಈಚೆಗೆ, ಈಚೆಯವರು ಆಚೆಗೆ. ಗಡಿಕಲ್ಲಿನ ಹತ್ತಿರ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು, ಸೆರಗಿಗೆ ಸೆರಗು ಸಿಕ್ಕಿಕೊಂಡು, ಕುರ್ಚಿಗಳು ಉರುಳಿ, ಹೆಂಗಸರಿಗೆ ನಗು ತಡೆಯಲಾಗಲಿಲ್ಲ. ಮರುಳಸಿದ್ದಯ್ಯನವರು ಮೈಕಿನಲ್ಲಿ “ಕೂತ್ಕಳಿ, ಕೂತ್ಕಳಿ” ಎಂದರು. ಯಾವ ಕಡೆ ಕೂರಬೇಕು ಎಂದು ಹೇಳಲು ಅವರಿಗೇ ತಿಳಿಯಲಿಲ್ಲ. ಜರ್ಮನಿಯಲ್ಲಿ ಈ ಪ್ರಶ್ನೆ ಎದ್ದಿತ್ತೋ ಇಲ್ಲವೋ, ಪತ್ರಿಕೆಯವರು ಬರೆದಿರಲಿಲ್ಲ.

ತೋಂಟದಾರ್ಯ ಒಂದು ಉಪಾಯ ಹೇಳಿದ. “ಒಂದ್ ಕೆಲ್ಸ ಮಾಡಾನ ಭಾವ. ವರ್ಷವೆಲ್ಲ ಒಂದೇ ಊರು. ಗೌರಿಹಬ್ಬದಾಗೆ ನಾಕು ದಿನ ಮಾತ್ರ ಎರಡು.”

ಗಂಡಸರಿಗೆ ಇದು ಬಹಳ ಹಿಡಿಸಿತು. ಗುರುಸಿದ್ದಮ್ಮನಿಗೂ ಜೀವ ಬಂದಂತಾಯಿತು. ಇರುವುದು ಉಳಿದರೆ ಸಾಕು ಎಂದುಕೊಂಡು ತಲೆಯಾಡಿಸಿದಳು.

“ನಾಕೇ ದಿನ ಯಾಕ್ಲಾ?”

ಎಲ್ಲರೂ ತಿರುಗಿದರು. ಖಾಲಿ ಚಾಪೆಯ ಮೇಲೆ ಒಬ್ಬರೇ ಉಳಿದಿದ್ದ ದೇವೀರಮ್ಮ ಕೋಲು ಊರಿ ಏಳುತ್ತಿದ್ದರು. ಈ ಹೆಂಗಸಿನ ಬಾಯಲ್ಲಿ ಇನ್ನೇನು ಕೇಳಬೇಕೋ ಎಂದು ಗುರುಸಿದ್ದಮ್ಮ ಹೆದರಿದಳು.

“ನನ್ ತವರು ದಂಡಿನಶಿವರ. ಅಣ್ಣ ಹೋದ, ಅತ್ತಿಗೆ ಹೋದ್ಲು, ಮನೆ ಯಾರೋ ತಗಂಡ್ರು. ನಾನು ಎದ್ದು ಯಾವ್ ಕಡೆ ಹೋಗ್ಲಿ? ಇವೆಲ್ಲಾ ಎದ್ದೋದ್ವು, ನಾನೊಬ್ಳೇ ಇಲ್ಲೇ ಕೂತೆ. ವರ್ಷಾ ವರ್ಷಾ ಇವಳು ಆ ಪೆಟ್ಟಿಗೆ ಎಳಕೊಂಡು ಹೋಗಾದ್ನ ಕಿಟಕೀಲಿ ನಿಂತು ನೋಡ್ತಿದ್ದೆ. ಹೊಟ್ಟೆ ಉರೀತಿತ್ತು ಕಣಪ್ಪ, ಸುಳ್ಯಾಕೆ ಹೇಳ್ಲಿ.” ಮುದುಕಿ ಉಸಿರು ತೆಗೆದುಕೊಂಡರು. “ಊರು ಒಂದ್ ಮಾಡಾದಾದ್ರೆ ಮಾಡಿ. ಸೊಸೇರ ಊರು ಮಾಡಬ್ಯಾಡಿ. ಈಚೆ ಬೀದೀನೂ ಆಚೆ ಬೀದಿಯಂಗೇ ಮಾಡಿ. ಎಲ್ರಿಗೂ ತವರಾಗ್ಲಿ. ನನ್ನೂ ಸೇರಿಸ್ಕಳಿ.”

“ಅವ್ವಾ, ಹಂಗೆಲ್ಲ ಅರ್ಜೀಲಿ ಬರೆಯಕ್ಕಾಗಲ್ಲ” ಎಂದರು ಮರುಳಸಿದ್ದಯ್ಯ.

“ಬರೀಬ್ಯಾಡ. ಇಷ್ಟ್ ಜನದ ಮುಂದೆ ಬಾಯಲ್ಲಿ ಹೇಳು.”

ಅವರು ತಾಯಿಯ ಕಡೆ ನೋಡಿದರು. ಗಡಿಯಾಚೆ ನಿಂತ ಹೆಂಡತಿಯ ಕಡೆ ನೋಡಿದರು. ಸೊಂಟಕ್ಕೆ ಸೆರಗು ಸಿಕ್ಕಿಸಿ, ತಲೆಯೆತ್ತಿ ನಿಂತ ಈ ಹೆಂಗಸನ್ನು ಅವರು ಇಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಚೆನ್ನಾಗಿದ್ದಾಳೆ ಅನ್ನಿಸಿತೋ ಏನೋ, ಮೈಕನ್ನು ಬಾಯಿಯ ಹತ್ತಿರ ತಂದರು.

“ಇವತ್ತಿಂದ ಈ ಎರಡು ಬೀದೀಲೂ ಸೊಸೆ ಅನ್ನೋರು ಯಾರೂ ಇಲ್ಲ. ಎಲ್ರೂ ಮನೆಮಕ್ಕಳೇ. ಎಲ್ಲಿ ಬೇಕಾದ್ರೂ ಕೂತ್ಕಳಿ, ಹೆಂಗ್ ಬೇಕಾದ್ರೂ ನಗಿ.”

“ಅಯ್ನೋರೆ,” ಗಿಡ್ಡಯ್ಯ ಹಿಂದಿನಿಂದ ಕೂಗಿದ, “ಹೆಂಗಸ್ರೆಲ್ಲ ಮನೆಮಕ್ಕಳಾದ್ರೆ ನಾವೆಲ್ಲ ಮನೆ ಅಳಿಯಂದ್ರಾ?”

“ಹೂಂ ಕಣ್ಲಾ” ಎಂದರು ದೇವೀರಮ್ಮ.

ಶಾಮಿಯಾನ ಹಾರಿಹೋಗುವಷ್ಟು ನಗೆಯೆದ್ದಿತು. ಒಪ್ಪಿದವರು ಕೈಯೆತ್ತಿ ಎಂದಾಗ ಹೆಂಗಸರ ಕೈಗಳೇ ಮೊದಲು ಮೇಲೆದ್ದವು, ಅದರಲ್ಲಿ ಗುರುಸಿದ್ದಮ್ಮನದು ಎಲ್ಲಕ್ಕಿಂತ ಮೇಲೆ. ಒಂದೂ ತಕರಾರಿಲ್ಲದೆ ಎರಡೂರು ಒಂದಾಗಲು ಒಪ್ಪಿದವು.

ಜನ ಚದುರುವಾಗ ಗುರುಸಿದ್ದಮ್ಮ ಅತ್ತೆಯನ್ನು ಮನೆಗೆ ಕರೆದುಕೊಂಡು ಹೋಗಲು ಬಂದು ಕೈ ಹಿಡಿದಳು. ದೇವೀರಮ್ಮ ಮನೆಯ ಕಡೆ ತಿರುಗಲಿಲ್ಲ. “ಆ ಕಡೆ ನಡಿ” ಎಂದರು. ಬೀಗಿತ್ತಿಯಾಗಿ ತೋಂಟದಾರ್ಯನ ಮನೆಗೆ ಅವರು ಹೋಗಿರಲಿಲ್ಲವೆಂದಲ್ಲ. ಹೋದಾಗಲೆಲ್ಲ ನಡುಮನೆಯ ಚಾಪೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ಬಡಿಸಿದ್ದರಲ್ಲಿ ಅರ್ಧ ಬಿಟ್ಟು, ಸೂರ್ಯ ಮುಳುಗುವ ಮುಂಚೆ ಎದ್ದು ಬಂದವರು.

ತೋಂಟದಾರ್ಯ ಜಗಲಿಯ ಮೇಲಿದ್ದವನು ಧಡಕ್ಕನೆ ಎದ್ದ. ‘ಬನ್ನಿ, ದಯಮಾಡಿಸಿ’ ಎನ್ನಲು ಬಾಯಿ ತೆರೆದವನು ಅಕ್ಕನ ಮುಖ ನೋಡಿದ. ಅವಳು ಕಣ್ಣಲ್ಲೇ ಏನೋ ಹೇಳಿದಳು. ಅವನು ತಂಬಿಗೆಯಲ್ಲಿ ನೀರು ತಂದು ಮುದುಕಿಯ ಕಾಲಿಗೆ ಹಾಕಿ, “ಬಾರಕ್ಕ, ಈಗ ಬಂದ್ಯಾ?” ಎಂದ.

ದೇವೀರಮ್ಮ ಜಗಲಿಯ ಅಂಚಿಗೆ ಹತ್ತಿ ಕೂತು, ಕಾಲು ಇಳಿಬಿಟ್ಟರು.

ದೀಪ ಹಚ್ಚುವ ಹೊತ್ತಿಗೆ ಮರುಳಸಿದ್ದಯ್ಯನವರು ಹುಡುಕಿಕೊಂಡು ಬಂದರು. “ಅವ್ವಾ, ಊಟದ ಹೊತ್ತಾಯ್ತು. ಇಬ್ರೂ ಇಲ್ಲೇ ಕೂತ್ರೆ ಹೆಂಗೆ?”

“ಹೆಣ್ಣುಮಕ್ಳು ತವರಿಗೆ ಬಂದೀವಿ ಕಣ್ಲಾ” ಎಂದರು ದೇವೀರಮ್ಮ. “ಸುಮ್‌ಸುಮ್ನೆ ಬಂದು ಕರೀಬ್ಯಾಡ. ಮನೆ ಅಳಿಯ ಅಲ್ವಾ ನೀನು, ಹೋಗಿ ಒಲೆ ಹಚ್ಚು.”

ಬೆಪ್ಪಾಗಿ ನಿಂತ ಮಗನ ಮುಖ ನೋಡಿ ಮುದುಕಿಗೆ ನಗು ಬಂತು. ಮೊದಲು ಭುಜ ಕುಲುಕಿತು, ಆಮೇಲೆ ಹಲ್ಲಿಲ್ಲದ ಬಾಯಿ ಅಗಲವಾಗಿ, ಕಣ್ಣಲ್ಲಿ ನೀರು ಬಂದು, ಜಗಲಿಯ ಕಂಬ ಹಿಡಿದುಕೊಂಡು ಅವರು ಕೇಕೆ ಹಾಕಿ ನಕ್ಕರು. ಗುರುಸಿದ್ದಮ್ಮ ನಗುವುದನ್ನೇ ಮರೆತು ಅವರನ್ನು ನೋಡುತ್ತ ಕೂತಳು. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತು ಉಂಡಿದ್ದರೂ ಅತ್ತೆ ಹೀಗೆ ನಗುತ್ತಾರೆಂದು ಅವಳಿಗೆ ಗೊತ್ತೇ ಇರಲಿಲ್ಲ.