ಮಾಸಲು ಹಳದಿ

ಮತ್ತೆ ಅಳು, ಆಸ್ಪತ್ರೆಯ ಸಾಲಿನಲ್ಲಿ ಪಕ್ಕದ ಕುರ್ಚಿಯವಳು ತಿರುಗಿ ನೋಡುತ್ತಿದ್ದಾಳೆ, ನೋಡಲಿ, ಅರ್ಧ ಗಂಟೆಯ ಹಿಂದಷ್ಟೇ ಹಾಲು ಕುಡಿದ ಕೂಸಿಗೆ ಔಷಧದ ಹಸಿವು ಇದು — ಚಿಹಾರು ಮಗಳು ನೊದೊಕಳನ್ನು ಇನ್ನೊಂದು ತೋಳಿಗೆ ಬದಲಾಯಿಸಿದಳು, ತೋಳು ಜೋಮು ಹಿಡಿದಿತ್ತು, ಸಾಕಾಗಿದೆ, ಯಾರಾದರೂ ಒಂದು ಗಂಟೆ ಎತ್ತಿಕೊಂಡರೆ ಇಲ್ಲೇ ನೆಲದ ಮೇಲೆ ಮಲಗಿಬಿಡುತ್ತಾಳೆ. ಎಷ್ಟು ಗುಂಡುಗುಂಡಗಿದ್ದಾಳೆ ರೀ ನಿಮ್ಮ ಮಗಳು, ಅಂದಳು ಪಕ್ಕದವಳು, ಕೆನ್ನೆಯಲ್ಲ ತಾಯಿ, ಸ್ಟೀರಾಯ್ಡಿನ ಬಾವು ಅದು, ಎನ್ನಲಾಗದೆ ಚಿಹಾರು ತಲೆ ಬಗ್ಗಿಸಿದಳು, ಜಪಾನಿನ ಈ ಸೆಂಡೈ ಊರಲ್ಲಿ ತಲೆ ಬಗ್ಗಿಸಿಬಿಟ್ಟರೆ ಅರ್ಧ ಮಾತು ಆಡುವುದೇ ಬೇಡ. ನಲವತ್ತು ದಿನದ ಹಿಂದೆ ಮಗುವಿನ ಈ ಹೊಟ್ಟೆಯನ್ನೇ ಕೊಯ್ದದ್ದು, ಮುಚ್ಚಿಹೋದ ಪಿತ್ತನಾಳ ತೆಗೆದು, ಕರುಳನ್ನು ಮೇಲೆಳೆದು ಲಿವರಿಗೆ ಹೊಲಿದದ್ದು, ಪಿತ್ತ ಹರಿದ್ರೆ ಒಳ್ಳೇದು, ನಿಂತುಬಿಟ್ರೆ ಅಪ್ಪ ಅಮ್ಮ ನಿಮ್ಮಿಬ್ಬರಲ್ಲಿ ಒಬ್ಬರ ಲಿವರಿನ ತುಂಡು ಬೇಕಾಗುತ್ತೆ, ಅಂದಿದ್ದರು ಡಾಕ್ಟರ್ ಸುಗವಾರ. ಪಿತ್ತ ಹರಿಯಲೆಂದೇ ಈ ಸ್ಟೀರಾಯ್ಡು, ವಾರವಾರ ಇಳಿಸುತ್ತ ಬರಬೇಕು, ಇಳಿಸಬಹುದೋ ಇಲ್ಲವೋ ಹೇಳುವುದು ಡೈಪರು. ತಾಯಿ-ಮಗು ಪುಸ್ತಕದೊಳಗಿನ ಏಳು ಬಣ್ಣದ ಕಾರ್ಡು, ಒಂದನೆಯದು ಸುಣ್ಣದ ಬಿಳಿ, ಏಳನೆಯದು ಹಸಿರು, ದಿನಾ ಬೆಳಿಗ್ಗೆ ಕಿಟಕಿಯ ಬಳಿ ಮಗುವಿನ ಕಕ್ಕದ ಪಕ್ಕ ಹಿಡಿದು ನಂಬರು ಬರೆಯಬೇಕು, ಐದಾದರೆ ಸರಿ, ನಾಲ್ಕಾದರೆ ಅವತ್ತೇ ಆಸ್ಪತ್ರೆಗೆ ಫೋನು. ಶುಕ್ರವಾರ ನಾಲ್ಕು. ಮಾಸಲು ಹಳದಿ. ಶನಿವಾರವೂ ಅದೇ ಮಾಸಲು ಹಳದಿ.

ಭಾನುವಾರ ಮಗುವಿಗೆ ನೂರು ದಿನ, ಮೊದಲ ತುತ್ತಿನ ಶಾಸ್ತ್ರ, ಅತ್ತೆ ಇಡೀ ಕೆಂಪು ಮೀನು ಹೇಳಿಟ್ಟಿದ್ದರು, ನೋಡು ಚಿಹಾರು, ತಿಂಗಳು ತುಂಬಿದಾಗಿನ ಶಾಸ್ತ್ರ ಅಂತೂ ಆಗ್ಲಿಲ್ಲ, ಇದೊಂದಾದ್ರೂ ಮನೇಲಿ ಆಗ್ಲಿ, ತೊಂಬತ್ತರ ಮುತ್ತಜ್ಜ ರೈಲು ಹತ್ತಿ ಬರ್ತಿದ್ದಾರೆ. ಹಿರಿಯರು ಊಟದ ಕಡ್ಡಿಯಿಂದ ಅನ್ನವನ್ನು ತುಟಿಗೆ ಮುಟ್ಟಿಸಬೇಕು, ಆಮೇಲೆ ಗುಡಿಯಿಂದ ತಂದ ಕಲ್ಲು, ಹಲ್ಲು ಗಟ್ಟಿಯಾಗಲಿ ಎಂದು, ಲಿವರಿಗೆ ಯಾವ ಕಲ್ಲು ಮುಟ್ಟಿಸುವುದು. ಫೋನು ಮಾಡಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಸೇರಿಸಿಕೊಳ್ಳುತ್ತಿದ್ದರು, ಮುತ್ತಜ್ಜನ ರೈಲು, ಅತ್ತೆಯ ಮೀನು, ಅಷ್ಟೂ ಜನಕ್ಕೆ ತೊಂದರೆ ತನ್ನಿಂದ — ಮೋಡವಿತ್ತು, ಬೆಳಕೇ ಸರಿಯಿರಲಿಲ್ಲ ಎಂದುಕೊಂಡು ಶುಕ್ರವಾರ ಐದು ಬರೆದಳು, ಶನಿವಾರವೂ ಐದು, ಭಾನುವಾರ ಬಿಸಿಲಿತ್ತು, ಆದರೂ ಐದು. ಶಾಸ್ತ್ರದ ಫೋಟೋದಲ್ಲಿ ಎಲ್ಲರೂ ನಗುತ್ತಿದ್ದಾರೆ.

ಒಳಗೆ ಬನ್ನಿ ಅಮ್ಮ, ಅಂದರು ಡಾಕ್ಟರು, ಪುಸ್ತಕ ಆಗಲೇ ಅವರ ಕೈಯಲ್ಲಿದೆ, ಐದು, ಐದು, ಐದು, ಚೆನ್ನಾಗಿ ನೋಡ್ಕೊಂಡಿದ್ದೀರಿ, ನಾಳೆಯಿಂದ ಔಷಧ ಅರ್ಧಕ್ಕೆ ಇಳಿಸೋಣ, ಪೆನ್ನು ಓಡುತ್ತಿದೆ, ತಲೆ ಬಗ್ಗಿಸಿ ಎದ್ದು ಹೋಗಿಬಿಟ್ಟರೆ ಇವತ್ತು ಮನೆಯಲ್ಲಿ ನಿದ್ದೆ ಮಾಡಬಹುದು, ನಿದ್ದೆ, ಅರ್ಧ ಔಷಧ, ಒಳಗೆ ಪಿತ್ತ ನಿಲ್ಲುತ್ತದೆ — ಡಾಕ್ಟರೇ, ಅದು ನಾಲ್ಕು. ಯಾವುದು? ಮೂರು ದಿನದ್ದೂ, ನಾನೇ ಸುಳ್ಳು ಬರೆದೆ. ಬೈಯಲಿ, ಬೈದರೆ ಅಳಬಹುದಿತ್ತು. ಬೈಯಲಿಲ್ಲ ಅವರು, ಪೆನ್ನು ಇಟ್ಟು ಮಗುವಿನ ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು, ಮೂರು ದಿನದಿಂದ ತಾನು ಈ ಕಣ್ಣನ್ನು ನೇರವಾಗಿ ನೋಡಿಯೇ ಇಲ್ಲ, ಹೆಬ್ಬೆರಳು ರೆಪ್ಪೆಯನ್ನು ಮೆಲ್ಲಗೆ ಕೆಳಗೆಳೆಯಿತು, ಕಣ್ಣಿನ ಬಿಳಿಯ ತುಂಬ ಮಾಸಲು ಹಳದಿ.