ಬೆಂಕಿ ಕಾಣದ ಒಲೆ

ಅಡುಗೆಮನೆ ಚಿಕ್ಕದಾದರೆ ಎಲ್ಲರಿಗೂ ಒಂದೇ ಪಾಡು. ಕೈಯಲ್ಲಿರುವ ಸಾಮಾನನ್ನು ಇಡಲು ಜಾಗವಿಲ್ಲ. ಟೈಲರಮ್ಮನ ಮನೆಯಲ್ಲಿ ಇದಕ್ಕೊಂದು ದಾರಿ ತಾನಾಗಿಯೇ ಸಿಕ್ಕಿತ್ತು. ಏನೇ ಇರಲಿ, ಒಲೆಯ ಮೇಲೆ ಇಡುವುದು.

ಅದು ಕರೆಂಟಿನ ದೊಡ್ಡ ಒಲೆ. ಬಾಡಿಗೆ ಮನೆಯ ಜೊತೆಗೇ ಬಂದದ್ದು. ಮೇಲೆ ನುಣ್ಣನೆಯ ಕಪ್ಪು ಗಾಜು, ಆ ಗಾಜಿನಡಿಯಲ್ಲಿ ನಾಲ್ಕು ಬರ್ನರ್‌ಗಳು. ಮುಂಭಾಗದಲ್ಲಿ ಸಾಲಾಗಿ ತಿರುಗಿಸುವ ಗುಂಡಿಗಳು, ಕೆಳಗೆ ಬಾಗಿಲಿರುವ ಓವನ್. ಆರಿದ್ದಾಗ ನೋಡಿದರೆ ಥೇಟ್ ಮೇಜಿನ ಹಾಗೇ ಕಾಣುತ್ತಿತ್ತು. ಹಾಗಾಗಿ ಮೊದಲು ಅದರ ಮೇಲೆ ಬ್ರೆಡ್ಡಿನ ಪೊಟ್ಟಣ ಬಂತು. ಆಮೇಲೆ ತರಕಾರಿ ಬುಟ್ಟಿ. ಕೊನೆಗೆ ಹೊಲಿದು ಮಡಚಿದ ಬಟ್ಟೆಯ ಚೀಲಗಳೂ ಅಲ್ಲೇ ಕೂರತೊಡಗಿದವು.

ಈ ಒಲೆಯನ್ನು ಕಂಡರೆ ಮನೆಯಲ್ಲಿ ಒಬ್ಬರಿಗೆ ಮಾತ್ರ ಆಗುತ್ತಿರಲಿಲ್ಲ. ಟೈಲರಮ್ಮನ ಅತ್ತೆಗೆ. ಸೌದೆ ಒಲೆಯಲ್ಲಿ ಅಡುಗೆ ಕಲಿತು, ಗ್ಯಾಸ್ ಒಲೆಯಲ್ಲಿ ಮಕ್ಕಳನ್ನು ಸಾಕಿದವರು ಅವರು. ಪಾತ್ರೆ ಇಟ್ಟ ಕೂಡಲೇ ಬಗ್ಗಿ ಅಡಿಯ ಉರಿ ನೋಡುವುದು ಅವರ ಅಭ್ಯಾಸ. ಇಲ್ಲಿ ಬಗ್ಗಿದರೆ ಕಾಣುವುದು ಗಾಜು ಮಾತ್ರ.

"ಕಣ್ಣಿಗೆ ಕಾಣದ ಬೆಂಕಿನ ಹೇಗಮ್ಮಾ ನಂಬೋದು?" ಎಂದು ಅವರು ಆಗಾಗ ಗೊಣಗುತ್ತಿದ್ದರು.

"ಅಭ್ಯಾಸ ಆಗತ್ತೆ ಬಿಡಿ ಅತ್ತೆ," ಎಂದು ಸೊಸೆ ಹೊಲಿಗೆ ಯಂತ್ರದ ಮುಂದಿನಿಂದಲೇ ಹೇಳುತ್ತಿದ್ದಳು.

ಒಂದು ಮಧ್ಯಾಹ್ನ ಮೊಮ್ಮಗಳು ಪುಟ್ಟಿ ಶಾಲೆಯಿಂದ ಬರುವ ಹೊತ್ತಾಗಿತ್ತು. ಅಜ್ಜಿ ಮುಂದಿನ ಬರ್ನರ್ ಮೇಲೆ ಹಾಲಿನ ಪಾತ್ರೆ ಇಟ್ಟು ಗುಂಡಿ ತಿರುಗಿಸಿದರು. ಸ್ವಲ್ಪ ಹೊತ್ತು ನಿಂತು ನೋಡಿದರು. ಹಾಲು ಅಲುಗಾಡಲಿಲ್ಲ. "ಇದರ ಮೈಗೆ ಬಿಸಿ ಹತ್ತೋದ್ರೊಳಗೆ ನನ್ನ ಕೆಲಸ ಮುಗಿಯತ್ತೆ," ಎಂದುಕೊಂಡು ಒಣಗಿದ ಬಟ್ಟೆ ತರಲು ಹಿತ್ತಲಿಗೆ ಹೋದರು.

ಬಟ್ಟೆ ಸುಟ್ಟ ವಾಸನೆ ಮೊದಲು ಬಡಿದದ್ದು ಅವರ ಮೂಗಿಗೇ. ಓಡಿ ಬಂದರೆ ಹಿಂದಿನ ಬರ್ನರ್ ಮೇಲಿದ್ದ ಬಟ್ಟೆಯ ಚೀಲದಿಂದ ಹೊಗೆ ಏಳುತ್ತಿತ್ತು. ಅದರೊಳಗೆ ಇದ್ದದ್ದು ಗಿರಾಕಿಯೊಬ್ಬರ ಮಗಳ ಮದುವೆಯ ಉಡುಪು. ಅಜ್ಜಿ ಹಿಂದೆಮುಂದೆ ನೋಡದೆ ಕೈಹಾಕಿ ಎಳೆದರು. ಚೀಲ ಗಾಜಿಗೆ ಅಂಟಿಕೊಂಡಿತ್ತು. ಗಾಳಿ ತಗುಲಿದ್ದೇ ತಡ, ಭಗ್ಗನೆ ಹತ್ತಿಕೊಂಡಿತು.

ಅವರ ಕೂಗು ಕೇಳಿ ಸೊಸೆ ಓಡಿ ಬಂದಳು. ಬಂದವಳೇ ನೀರಿನ ಜಗ್ಗು ಎತ್ತಿಕೊಂಡಳು.

"ನೀರು ಹಾಕ್ಬೇಡ!"

ಬಾಗಿಲಲ್ಲಿ ಪಕ್ಕದ ಮನೆಯ ನರ್ಸಕ್ಕ ನಿಂತಿದ್ದರು. ಆಸ್ಪತ್ರೆಯಲ್ಲಿ ಸುಟ್ಟಗಾಯದ ವಾರ್ಡು ನೋಡಿಕೊಳ್ಳುವವರು. ಅವತ್ತು ರಜೆಯಲ್ಲಿದ್ದರು.

"ಕರೆಂಟ್ ಇದೆ ಅದರಲ್ಲಿ! ಮೊದಲು ಗೋಡೆ ಸ್ವಿಚ್ ಆರಿಸು. ಎಲ್ಲಿದೆ ಅದು?"

ಸ್ವಿಚ್ಚು ಹಿಟ್ಟಿನ ಡಬ್ಬಿಗಳ ಹಿಂದೆ ಇತ್ತು. ಟೈಲರಮ್ಮ ಡಬ್ಬಿಗಳನ್ನು ನೆಲಕ್ಕೆ ತಳ್ಳಿ, ತಡಕಾಡಿ, ಅದನ್ನು ಆರಿಸುವಷ್ಟರಲ್ಲಿ ಉರಿ ಇನ್ನೊಂದು ಗೇಣು ಮೇಲೆದ್ದಿತ್ತು. ನರ್ಸಕ್ಕ ಒಂದು ಅಗಲವಾದ ಪಾತ್ರೆಯನ್ನು ಚೀಲದ ಮೇಲೆ ಬೋರಲು ಹಾಕಿದರು. ಗಾಳಿಯಿಲ್ಲದೆ ಬೆಂಕಿ ಉಸಿರು ಕಟ್ಟಿ ಆರಿತು.

ಆಮೇಲೆ ಅವರು ಒಲೆಯ ಕಡೆ ನೋಡಲೇ ಇಲ್ಲ. ಅಜ್ಜಿಯ ಬಲಗೈ ಹಿಡಿದು ನಲ್ಲಿಯ ಕೆಳಗೆ ಒಡ್ಡಿದರು. ಅಂಗೈ ಕೆಂಪಾಗಿ, ಎರಡು ಬೆರಳಿಗೆ ಬೊಬ್ಬೆ ಬಂದಿದ್ದವು. ಟೈಲರಮ್ಮ ಓಡಿಹೋಗಿ ಟೂತ್‌ಪೇಸ್ಟ್ ತಂದಳು.

"ಅದೇನೂ ಬೇಡ ಕಣೇ. ಪೇಸ್ಟೂ ಬೇಡ, ಬೆಣ್ಣೆಯೂ ಬೇಡ, ಐಸೂ ಬೇಡ. ಇಪ್ಪತ್ತು ನಿಮಿಷ ಹೀಗೆ ತಣ್ಣೀರು ಹರೀಲಿ. ಆಮೇಲೆ ಆಸ್ಪತ್ರೆಗೆ ಹೋಗೋಣ."

ಅಜ್ಜಿ ಅಳಲಿಲ್ಲ. "ಆ ಹುಡುಗಿ ಮದುವೆಗೆ ಏನು ಹಾಕ್ಕೊಳ್ತಾಳೋ," ಎಂದು ಅದನ್ನೇ ಹೇಳುತ್ತಿದ್ದರು.

ಸಂಜೆ ಮಗ ಮನೆಗೆ ಬಂದ. ಅವನು ಸಿಟಿ ಬಸ್ಸಿನ ಡ್ರೈವರ್. ತಾಯಿಯ ಕೈಗೆ ಕಟ್ಟಿದ್ದ ಪಟ್ಟಿ ನೋಡಿದ, ಗೋಡೆಯ ಮಸಿ ನೋಡಿದ. ಹೆದರಿಕೆ ಅವನ ಬಾಯಿಂದ ಸಿಟ್ಟಾಗಿ ಹೊರಬಂತು.

"ಅಮ್ಮಾ, ನಿನಗೆ ವಯಸ್ಸಾಯ್ತು. ಇನ್ಮೇಲೆ ನೀನು ಅಡುಗೆಮನೆ ಕಡೆ ಬರಬೇಡ, ಅಷ್ಟೇ."

"ಸರಿಯಾಗೇ ತಿರುಗಿಸಿದ್ದೆ ಕಣೋ."

"ಸರಿಯಾಗಿ ತಿರುಗಿಸಿದ್ರೆ ಹಿಂದಿನದು ಹೇಗಮ್ಮಾ ಹತ್ಕೊಳ್ಳತ್ತೆ?"

ಮರುದಿನ ಬೆಳಿಗ್ಗೆ ಮಗ ಒಲೆಯ ಗುಂಡಿಗಳನ್ನೆಲ್ಲ ಕಿತ್ತು, ಅಂಗಿಯ ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಹೊರಟುಹೋದ. ಹೆಂಡತಿಗೆ ಹೇಳುವುದನ್ನೂ ಮರೆತಿದ್ದ. ಮಧ್ಯಾಹ್ನ ಟೈಲರಮ್ಮ ತರಕಾರಿ ಹೆಚ್ಚಿಕೊಂಡು ಒಲೆಯ ಮುಂದೆ ಬಂದು ನಿಂತರೆ ತಿರುಗಿಸಲು ಏನೂ ಇಲ್ಲ. ಅವತ್ತು ಮೂವರಿಗೂ ಬ್ರೆಡ್ಡು, ಬಾಳೆಹಣ್ಣೇ ಊಟ.

"ಅಪ್ಪ ಒಲೆನೇ ಬಸ್ಸಲ್ಲಿ ಕೂರಿಸ್ಕೊಂಡು ಹೋದ್ರು!" ಎಂದು ಪುಟ್ಟಿ ನಕ್ಕಳು.

ಅಜ್ಜಿ ನಗಲಿಲ್ಲ. "ಆ ಗುಂಡಿಗಳ ಜೊತೆ ನನ್ನನ್ನೂ ಕಿತ್ತು ಜೇಬಿಗೆ ಹಾಕ್ಕೊಂಡ," ಎಂದರು. ತಟ್ಟೆಯಲ್ಲಿದ್ದ ಬ್ರೆಡ್ಡು ಹಾಗೇ ಉಳಿಯಿತು.

ಸಂಜೆ ನರ್ಸಕ್ಕ ಪಟ್ಟಿ ಬದಲಿಸಲು ಬಂದರು. ಡ್ರೈವರ್ ಕೂಡ ಮನೆಯಲ್ಲೇ ಇದ್ದ. ಗಾಯ ತೊಳೆಯುತ್ತಾ ಅವರು ಕೇಳಿದರು, "ಅಮ್ಮಾ, ನಿನ್ನೆ ನೀವು ಯಾವ ಗುಂಡಿ ತಿರುಗಿಸಿದ್ರಿ?"

"ಎಡಗಡೆ ತುದಿಯದ್ದು. ಹಾಲು ಇಟ್ಟಿದ್ದೂ ಎಡಗಡೆನೇ ಅಲ್ವಾ? ಅದಕ್ಕೇ."

"ಇದೇ ಆಗೋದು ಸಿಸ್ಟರ್," ಎಂದ ಡ್ರೈವರ್. "ಅವರಿಗೆ ಈ ಹೊಸ ಮೆಷೀನೆಲ್ಲ ತಿಳಿಯಲ್ಲ."

"ನಿಮಗೆ ತಿಳಿಯತ್ತಾ ಅಣ್ಣಾ?"

"ಅಷ್ಟು ದೊಡ್ಡ ಬಸ್ಸು ಓಡಿಸ್ತೀನಿ. ಇದೇನು ಮಹಾ!"

"ಹಾಗಾದ್ರೆ ಬನ್ನಿ. ಗುಂಡಿಗಳನ್ನ ಹಾಕಿ, ಬಲಗಡೆ ಮುಂದಿನ ಬರ್ನರ್ ಹಚ್ಚಿ ನೋಡೋಣ."

ಡ್ರೈವರ್ ಜೇಬಿನಿಂದ ಗುಂಡಿಗಳನ್ನು ತೆಗೆದು ಕೂರಿಸಿದ. ಸ್ವಿಚ್ ಹಾಕಿ, ಬಲತುದಿಯ ಗುಂಡಿಯನ್ನು ಠೀವಿಯಿಂದ ತಿರುಗಿಸಿದ. ಎಲ್ಲರೂ ಕಾದರು. ಬಲಗಡೆಯ ಹಿಂದಿನ ಬರ್ನರ್ ಗಾಜಿನಡಿಯಲ್ಲಿ ಮೆಲ್ಲಗೆ ಕೆಂಪಾಯಿತು. ಮುಂದಿನದು ಕಪ್ಪಗೇ ಇತ್ತು.

ಡ್ರೈವರ್ ಗುಂಡಿ ಆರಿಸಿ ಬಗ್ಗಿ ನೋಡಿದ. "ಯಾವುದು ಯಾವುದರದ್ದು ಅಂತ ಗುರುತೇ ಇಲ್ವಲ್ಲ ಇಲ್ಲಿ!"

"ಬ್ರೇಕ್ ಯಾವುದು, ಕ್ಲಚ್ ಯಾವುದು ಗೊತ್ತಾಗದ ಬಸ್ಸು ಕೊಟ್ಟು, ಡ್ರೈವರಿಗೆ ವಯಸ್ಸಾಯ್ತು ಅಂದ್ರೆ ಹೇಗೆ?" ಎಂದರು ನರ್ಸಕ್ಕ.

ಟೈಲರಮ್ಮನ ಮುಖ ಸಪ್ಪಗಾಯಿತು. ಅವಳು ಸುಮ್ಮನಿರಬಹುದಿತ್ತು. ಯಾರೂ ಅವಳನ್ನು ಕೇಳಿರಲಿಲ್ಲ.

"ಗುರುತು ಇತ್ತು ರೀ. ಪ್ರತಿ ಗುಂಡಿ ಪಕ್ಕ ಚಿಕ್ಕ ಚಿಕ್ಕ ಚುಕ್ಕೆ ಇತ್ತು. ಜಿಡ್ಡು ಹೋಗ್ಲಿ ಅಂತ ಸ್ಟೀಲ್ ಸ್ಕ್ರಬ್ಬರ್ ಹಾಕಿ ನಾನೇ ಉಜ್ಜುಜ್ಜಿ ಅಳಿಸಿದೆ. ಬಟ್ಟೆ ಚೀಲ ಒಲೆ ಮೇಲಿಟ್ಟಿದ್ದೂ ನಾನೇ." ಅವಳು ಅತ್ತೆಯ ಕಡೆ ತಿರುಗಿದಳು. "ನಿನ್ನೆ ಇವರು ನಿಮ್ಮನ್ನ ಬೈವಾಗ ನಾನು ಚೀಲದ ಮಾತು ಎತ್ತಲೇ ಇಲ್ಲ ಅತ್ತೆ."

ಅಜ್ಜಿ ಎಡಗೈಯಿಂದ ಸೊಸೆಯ ಬೆನ್ನು ಸವರಿದರು. "ಹೋಗ್ಲಿ ಬಿಡೇ. ನಾನೂ ಹಾಲಿಟ್ಟು ಹೋಗಬಾರದಿತ್ತು. ಸೌದೆ ಒಲೆ ಮುಂದಿಂದ ಹಾಗೆ ಎದ್ದು ಹೋದವಳೇ ಅಲ್ಲ ನಾನು. ಇದರಲ್ಲಿ ಬೆಂಕಿ ಕಾಣಲಿಲ್ಲ ನೋಡು, ಬೆಂಕಿ ಇದೆ ಅನ್ನೋದೇ ಮರೆತುಹೋಯ್ತು."

ನರ್ಸಕ್ಕ ಕುರ್ಚಿ ಎಳೆದುಕೊಂಡು ಕೂತರು. "ನನ್ನ ವಾರ್ಡಿಗೆ ಬರೋರನ್ನೆಲ್ಲ ನಾನು ಕೇಳ್ತೀನಿ, ಹೇಗಾಯ್ತು ಅಂತ. ಒಬ್ಬರೂ ದಡ್ಡರಲ್ಲ ಅಮ್ಮಾ. ಒಂದೇ ಒಂದು ನಿಮಿಷ ಅಂತ ಹೋದೋರು, ಆರಿದೆ ಅಂತ ಕೈಯಿಟ್ಟೋರು. ಇಲ್ಲಿ ನೋಡಿ, ಗುಂಡಿಗಳ ಪಕ್ಕ ಈ ಚಿಕ್ಕ ಕೆಂಪು ದೀಪ. ಗುಂಡಿ ಆರಿಸಿದ್ರೂ ಉರೀತಾನೇ ಇದೆ. ಗಾಜು ಇನ್ನೂ ಬಿಸಿ ಇದೆ ಅಂತ ಅರ್ಥ. ಇದು ಆರೋವರೆಗೆ ಕೈಯೂ ಬೇಡ, ಬಟ್ಟೆಯೂ ಬೇಡ."

"ಅಂದ್ರೆ ಇದೇ ಇದರ ಉರಿ," ಎಂದು ಅಜ್ಜಿ ದೀಪವನ್ನು ಹತ್ತಿರದಿಂದ ನೋಡಿದರು.

"ಹಾಗೇ ತಿಳ್ಕೊಳ್ಳಿ. ಆದ್ರೆ ಒಂದು ವಿಷಯ. ಗೋಡೆ ಸ್ವಿಚ್ ಆರಿಸಿದ್ರೆ ಈ ದೀಪವೂ ಆರಿಹೋಗಬಹುದು. ಗಾಜು ಮಾತ್ರ ಕಾದೇ ಇರತ್ತೆ. ಅದಕ್ಕೆ ಒರೆಸೋ ಮುಂಚೆ ದೀಪ ತಾನಾಗೇ ಆರಲಿ, ಆಮೇಲೆ ಸ್ವಿಚ್ ಆರಿಸಿ. ಮೆತ್ತನೆ ಬಟ್ಟೆ, ಸ್ವಲ್ಪ ಸೋಪಿನ ನೀರು, ಚೆನ್ನಾಗಿ ಹಿಂಡಿ ಒರೆಸಿದ್ರೆ ಸಾಕು. ಗಾಜಲ್ಲಿ ಬಿರುಕು ಕಂಡ್ರೆ ಮಾತ್ರ ಒಲೆನೇ ಹಚ್ಚಬೇಡಿ. ಬಿರುಕಿನೊಳಗೆ ನೀರು ಇಳಿದ್ರೆ ಶಾಕ್ ಹೊಡೆಯತ್ತೆ."

"ಮತ್ತೆ ಎಣ್ಣೆಗೆ ಬೆಂಕಿ ಹತ್ತಿದ್ರೆ?" ಟೈಲರಮ್ಮ ಕೇಳಿದಳು.

"ಕೈಗೆ ಸಿಗೋ ಹಾಗಿದ್ರೆ ಗುಂಡಿ ಆರಿಸು, ಇಲ್ಲಾಂದ್ರೆ ಗೋಡೆ ಸ್ವಿಚ್ಚು. ಬಾಣಲೆ ಮೇಲೆ ಮುಚ್ಚಳ ಜಾರಿಸು. ತಣ್ಣಗಾಗೋವರೆಗೆ ತೆಗೀಬೇಡ, ಬಾಣಲೆ ಎತ್ಕೊಂಡು ಓಡಬೇಡ. ನೀರು ಹಾಕಿದ್ಯೋ, ಬೆಂಕಿ ಸೂರಿಗೆ ಹಾರತ್ತೆ. ನಮ್ಮ ಕೈಮೀರ್ತಿದೆ ಅನ್ನಿಸಿದ್ರೆ ಎಲ್ಲರೂ ಹೊರಗೆ ಹೋಗಿ ಅಗ್ನಿಶಾಮಕದವರಿಗೆ ಫೋನ್ ಮಾಡಿ. ಸಾಮಾನು ಮತ್ತೆ ತರಬಹುದು."

ಪುಟ್ಟಿ ಓವನ್ ಬಾಗಿಲು ಎಳೆದಳು. "ಇದರೊಳಗೆ ಹಚ್ಚಿದ್ರೆ?"

ಒಳಗೆ ಪ್ಲಾಸ್ಟಿಕ್ ಡಬ್ಬಿಗಳು, ಹಳೇ ಪೇಪರ್, ಡ್ರೈವರನ ಒಂದು ಟೋಪಿ! ನರ್ಸಕ್ಕ ತಲೆ ಚಚ್ಚಿಕೊಂಡರು.

"ಅಯ್ಯೋ ದೇವರೇ, ಇದು ಕಪಾಟಲ್ಲ! ಹಚ್ಚೋ ಮುಂಚೆ ತೆಗೆದು ನೋಡಬೇಕು. ಒಳಗೆ ಬೆಂಕಿ ಎದ್ರೆ ಬಾಗಿಲು ತೆಗೀಲೇಬಾರದು. ಸ್ವಿಚ್ ಆರಿಸಿ ಮುಚ್ಚೇ ಇಡಬೇಕು. ಪುಟ್ಟೀ, ಓವನ್ ಹಚ್ಚಿದಾಗ ನೀನು ಈ ಬಾಗಿಲಿಂದ ದೂರ."

"ವೈರಿಂಗ್ ಹೇಗಿದೆ, ಸರಿ ಇದ್ಯಾ ನೋಡ್ತೀರಾ ಸಿಸ್ಟರ್?" ಡ್ರೈವರನ ದನಿ ಈಗ ತಗ್ಗಿತ್ತು.

"ನಾನು ಗಾಯ ನೋಡೋಳು ಅಣ್ಣಾ. ವೈರ್ ನೋಡೋಕೆ ಎಲೆಕ್ಟ್ರಿಷಿಯನ್ ಕರೀರಿ."

ಮರುದಿನವೇ ಎಲೆಕ್ಟ್ರಿಷಿಯನ್ ಬಂದ. ಅವನು ಬಂದು ಹೋಗುವವರೆಗೆ ಒಲೆ ಹಚ್ಚಲಿಲ್ಲ. ಅವನು ಒಲೆಯನ್ನು ಎಳೆದು ಹಿಂಭಾಗ ನೋಡಿದ. ಹಿಂದಿನ ಬಾಡಿಗೆದಾರರು ಯಾರೋ ಒಲೆಯ ಲೈನಿನಿಂದಲೇ ಇನ್ನೊಂದು ಪ್ಲಗ್ಗಿಗೆ ವೈರು ಎಳೆದಿದ್ದರು. ಟೈಲರಮ್ಮ ಇಸ್ತ್ರಿಪೆಟ್ಟಿಗೆ ಹಾಕುತ್ತಿದ್ದದ್ದು ಅದೇ ಪ್ಲಗ್ಗಿಗೆ. ವೈರಿನ ಹೊದಿಕೆ ಬಿಸಿಗೆ ಕಂದಿತ್ತು. "ಈ ಒಲೆ ಎಳೆಯೋ ಕರೆಂಟ್ ಜಾಸ್ತಿ. ಇದಕ್ಕೆ ಇದರದ್ದೇ ಲೈನ್ ಬೇಕು, ಬೇರೆ ಏನೂ ಸೇರಿಸಬಾರದು," ಎಂದು ಅದನ್ನು ಕಿತ್ತು ಸರಿಮಾಡಿದ. ಬಟ್ಟೆ ಅಂಟಿದ್ದ ಗಾಜನ್ನೂ ನೋಡಿದ. ಬಿರುಕು ಬಿಟ್ಟಿರಲಿಲ್ಲ.

ಹಿಟ್ಟಿನ ಡಬ್ಬಿಗಳು ಬೇರೆ ಗೋಡೆಗೆ ಹೋದವು. ಬಟ್ಟೆ ಚೀಲಗಳಿಗಾಗಿ ಡ್ರೈವರ್ ಹೊಲಿಗೆ ಯಂತ್ರದ ಪಕ್ಕದಲ್ಲೇ ಒಂದು ಹಲಗೆ ಹೊಡೆದ. ಪುಟ್ಟಿ ಅಮ್ಮನ ಕೆಂಪು ಉಗುರುಬಣ್ಣ ತಂದಳು. ಒಂದೊಂದೇ ಗುಂಡಿ ತಿರುಗಿಸಿ, ಯಾವ ಬರ್ನರ್ ಕೆಂಪಾಗುತ್ತದೆ ಎಂದು ನೋಡಿ, ಅಜ್ಜಿ ಹೇಳಿದ ಹಾಗೆ ಗುರುತು ಹಾಕಿದಳು. ಮುಂದಿನದಕ್ಕೆ ಒಂದು ಚುಕ್ಕೆ, ಹಿಂದಿನದಕ್ಕೆ ಎರಡು. ಕನ್ನಡಕವಿಲ್ಲದೆಯೂ ಕಾಣುವಷ್ಟು ದಪ್ಪಗೆ.

ಸುಟ್ಟುಹೋದ ಉಡುಪಿನ ವಿಷಯ ಮಾತ್ರ ಬಾಕಿ ಉಳಿದಿತ್ತು. ಅತ್ತೆ ಸೊಸೆ ಇಬ್ಬರೂ ಸೇರಿ ಆ ಗಿರಾಕಿಯ ಮನೆಗೆ ಹೋಗಿ ನಡೆದದ್ದನ್ನು ಹೇಳಿದರು. ಆ ತಾಯಿ ಮೊದಲು ಸಿಡುಕಿದರು. ಆಮೇಲೆ ಅಜ್ಜಿಯ ಕೈ ನೋಡಿದರು. "ಬಟ್ಟೆ ಹೋದ್ರೆ ಹೋಗ್ಲಿ, ಇನ್ನೂ ಟೈಮಿದೆ, ಇನ್ನೊಂದು ಹೊಲಿದುಕೊಡಿ," ಎಂದರು.

ಪಟ್ಟಿ ಬಿಚ್ಚಿದ ದಿನ ಮಗ ತಾಯಿಯ ಹತ್ತಿರ ಬಂದು ಕೂತ. ಅವನಿಗೆ ಕ್ಷಮೆ ಕೇಳಿ ಅಭ್ಯಾಸವಿರಲಿಲ್ಲ.

"ಅಮ್ಮಾ, ಇವತ್ತು ನಿನ್ನ ಕೈಯಡುಗೆ ತಿನ್ನಬೇಕು ಅನ್ನಿಸ್ತಿದೆ."

ಅಜ್ಜಿ ಎದ್ದರು. ರವಿಕೆಯ ತೋಳನ್ನು ಮೇಲಕ್ಕೆ ಮಡಚಿದರು. ಗಾಜಿನ ಮೇಲೆ ಏನೂ ಇಲ್ಲವೆಂದು ನೋಡಿದರು, ಓವನ್ ತೆಗೆದು ನೋಡಿದರು. ಬರ್ನರಿನ ಅಳತೆಗೆ ಸರಿಹೋಗುವ ಚಪ್ಪಟೆ ತಳದ ಬಾಣಲೆ ಇಟ್ಟು, ಅದರ ಹಿಡಿ ಯಾರಿಗೂ ತಗುಲದಂತೆ ಒಳಗಡೆಗೆ ತಿರುಗಿಸಿದರು. ಚುಕ್ಕೆ ನೋಡಿ ಗುಂಡಿ ತಿರುಗಿಸಿದರು. ಆಲೂಗಡ್ಡೆ ಹುರಿದು ಮುಗಿಯುವವರೆಗೂ ಅಲ್ಲಿಂದ ಕದಲಲಿಲ್ಲ. ಮಗ ಬಾಗಿಲಲ್ಲಿ ನಿಂತು ಇಣುಕುತ್ತಿದ್ದ.

"ನೀನು ಯಾಕೋ ಕಾವಲು? ಹೋಗು, ತಟ್ಟೆ ಹಾಕು," ಎಂದು ಅಜ್ಜಿ ಗದರಿದರು.

ಅವನು ಹೋಗಿ ತಟ್ಟೆ ಹಾಕಿದ. ತಾಯಿಯ ತಟ್ಟೆ ಮೊದಲು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿದ ಮೇಲೆ, ಕೇಳಿದ ಮೇಲೆ, ಒಮ್ಮೆ ನಿಮ್ಮ ಅಡುಗೆಮನೆಗೆ ಹೋಗಿ. ಒಲೆಯ ಮೇಲೆ ಏನಿದೆ? ಸ್ವಿಚ್ಚು ಥಟ್ಟನೆ ಕೈಗೆ ಸಿಗುತ್ತದೆಯೇ? ಗುಂಡಿಯ ಗುರುತು ಎಲ್ಲರ ಕಣ್ಣಿಗೂ ಕಾಣುತ್ತದೆಯೇ? ಮನೆಯಲ್ಲಿ ಯಾರಿಗಾದರೂ ಆ ಒಲೆ ಕಂಡರೆ ಹೆದರಿಕೆ ಇದ್ದರೆ ಅವರನ್ನು ಹೊರಗೆ ಕೂರಿಸಬೇಡಿ. ಪಕ್ಕದಲ್ಲಿ ನಿಂತು ತೋರಿಸಿಕೊಡಿ. ಏನು ತಿಳಿಯುತ್ತಿಲ್ಲ ಎಂದು ಅವರನ್ನೇ ಕೇಳಿ. ತಪ್ಪು ಎಲ್ಲಿದೆ ಎಂದು ನಿಮಗೂ ಆಗ ಕಾಣಬಹುದು.