ಐದನೆಯ ತರಗತಿಯಲ್ಲಿ ಏಳನೆಯ ಪಾಠ

ಮೈದಾ ಹಿಟ್ಟಿನ ಅಂಟು ಕುದಿಯುವಾಗ ಅಪ್ಪ ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು, ಪುಸ್ತಕಕ್ಕೆ ಹುಳು ಹಿಡಿಯದಿರಲೆಂದು. ಆಗ ಏಳುತ್ತಿದ್ದ ವಾಸನೆ ಪೂರ್ತಿ ಹಿಟ್ಟಿನದಲ್ಲ, ಪೂರ್ತಿ ಲೋಹದ್ದೂ ಅಲ್ಲ. ಮೂಗಿನ ತುದಿಯಲ್ಲಿ ತುಸು ಹುಳಿಯಾಗಿ ನಿಂತುಬಿಡುತ್ತಿತ್ತು. ರಜೆ ಮುಗಿದು ಶಾಲೆ ತೆರೆದ ದಿನ ಮಕ್ಕಳೆಲ್ಲ ಪುಸ್ತಕ ಬಿಚ್ಚಿದರೆ ಇಡೀ ತರಗತಿಗೆ ನಮ್ಮ ಮನೆಯ ವಾಸನೆ. ಪಕ್ಕದವಳು ಮೂಗು ಮುಚ್ಚಿಕೊಂಡರೆ ನನಗೆ ಕೆಟ್ಟ ಸಿಟ್ಟು ಬರುತ್ತಿತ್ತು.

ನಮ್ಮ ಬೀದಿಯ ಸರ್ಕಾರಿ ಶಾಲೆಯಲ್ಲಿ ಮೊದಲಿನಿಂದಲೂ ಒಂದು ಪದ್ಧತಿ. ವರ್ಷ ಮುಗಿದಾಗ ಮಕ್ಕಳು ಪಠ್ಯಪುಸ್ತಕಗಳನ್ನು ಹಿಂದಿರುಗಿಸಬೇಕು. ಅವು ಎದುರಿನ ನಮ್ಮ ಪುಸ್ತಕ ಕಟ್ಟುವ ಅಂಗಡಿಗೆ ಬರುತ್ತವೆ. ರಜೆಯಲ್ಲಿ ಅವನ್ನು ಬಿಚ್ಚಿ, ಮತ್ತೆ ಹೊಲಿದು, ಹೊಸ ರಟ್ಟು ಹಾಕಿದರೆ ಮುಂದಿನ ಮಕ್ಕಳ ಕೈಗೆ ಹೋಗುತ್ತವೆ. ಅಪ್ಪ ಇದಕ್ಕೆ ಏನನ್ನೂ ಕೇಳಿದವರಲ್ಲ. ಅವರ ನಂತರ ಅಣ್ಣನೂ ಕೇಳಲಿಲ್ಲ. ಶಾಲೆಯ ಮಕ್ಕಳಿಗೆ ಅಣ್ಣ 'ರಟ್ಟಿನ ಮಾವ'.

ನನ್ನನ್ನು ಅಪ್ಪ ಅಂಗಡಿಯ ಕೆಲಸಕ್ಕೆ ಸೇರಿಸಲಿಲ್ಲ. "ನೀನು ಓದು, ಅವನು ಕಟ್ಟಲಿ" ಎನ್ನುತ್ತಿದ್ದರು. ನಾನು ಓದಿದೆ, ಬೇರೆ ಊರಿನ ಕಾಲೇಜಿನಲ್ಲಿ ಪಾಠ ಹೇಳಿದೆ, ನಿವೃತ್ತಿಯಾದ ಮೇಲೆ ಅಣ್ಣನ ಜೊತೆಗೇ ಬಂದು ಇದ್ದೆ.

ಈ ವರ್ಷ ಶಾಲೆಯವರು, ಶಾಲೆಯ ಬೆನ್ನಿಗೆ ನಿಂತವರನ್ನು ಕರೆದು ಸನ್ಮಾನ ಮಾಡುವುದೆಂದು ತೀರ್ಮಾನಿಸಿದರು. ಮೊದಲ ಕುರ್ಚಿ ಅಣ್ಣನದು. ಅಣ್ಣ ಬಾಯಲ್ಲಿ "ಇದೆಲ್ಲ ಯಾಕೆ ಬೇಕಿತ್ತು" ಎಂದನಾದರೂ, ಪೆಟ್ಟಿಗೆಯ ತಳದಲ್ಲಿದ್ದ ಬಿಳಿ ಅಂಗಿಯನ್ನು ತಾನೇ ತೆಗೆದು ಇಸ್ತ್ರಿಗೆ ಕೊಟ್ಟು ಬಂದ.

ಅಂಗಿ ವಾಪಸು ಬಂದ ಸಂಜೆಯೇ ಎಲ್ಲ ತಲೆಕೆಳಗಾಯಿತು.

ಪಕ್ಕದ ಇಸ್ತ್ರಿಯಾಕೆ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು, ಗೆರೆ ಮುರಿಯದಂತೆ ತಂದಳು. ಸವೆದುಹೋಗಿದ್ದ ಕಾಲರನ್ನು ಬಿಚ್ಚಿ, ತಿರುಗಿಸಿ ಹೊಲಿದಿದ್ದಳು. ಅದನ್ನು ಯಾರೂ ಅವಳಿಗೆ ಹೇಳಿರಲಿಲ್ಲ, ಅವಳೂ ಹೇಳಿಕೊಳ್ಳಲಿಲ್ಲ. ಅವಳ ಹಿಂದೆ ಅವಳ ಮಗಳು. ಏಳನೆಯ ತರಗತಿ. ಬಾಯಿಗೆ ಬೀಗವಿಲ್ಲದ ಹುಡುಗಿ, ನಾವು ಕರೆಯುವುದೇ ಚಿನಕುರುಳಿ ಎಂದು.

"ಮಾವ, ಸ್ಟೇಜ್ ಮೇಲೆ ಮಾತಾಡೋವಾಗ ನಮ್ಮ ವಿಷಯಾನೂ ಹೇಳಿ. ನಿಮ್ಮಿಂದ ನಾವು ದೊಡ್ಡೋರು ಹೋಗಿ ಐದನೇ ಕ್ಲಾಸಲ್ಲಿ ಕೂರೋ ಹಾಗಾಯ್ತು!"

"ಏನೇ ಅದು?" ಎಂದ ಅಣ್ಣ, ನಗುತ್ತಲೇ.

"ಗೊತ್ತಿಲ್ವಾ? ನಮ್ಮ ಭಾಷಾ ಪುಸ್ತಕದ ಮಧ್ಯದಲ್ಲಿ ಐದನೇ ಕ್ಲಾಸಿನ ಪಾಠ ಇದೆ. ನಮ್ಮದು ಅವರ ಪುಸ್ತಕದಲ್ಲಿದೆ. ಆ ಪಾಠ ಬಂದಾಗ ಎರಡೂ ಕ್ಲಾಸನ್ನ ಒಟ್ಟಿಗೆ ಕೂರಿಸ್ತಾರೆ. ಪುಸ್ತಕ ಅದಲು ಬದಲು ಮಾಡ್ಕೊಂಡು ಓದ್ತೀವಿ. ಪುಟಾಣಿಗಳು ನಮ್ಮ ಮೈಮೇಲೇ ಬೀಳ್ತವೆ, ಅಬ್ಬಬ್ಬಾ!"

ಇಸ್ತ್ರಿಯಾಕೆ ಮಗಳ ಕೈ ಜಗ್ಗಿದಳು. ಅಷ್ಟರಲ್ಲಿ ಅಣ್ಣನ ನಗು ಮುಖದ ಮೇಲೇ ಒಣಗಿಹೋಗಿತ್ತು.

ಏನಾಗಿದೆಯೆಂದು ಅವನಿಗೆ ತಕ್ಷಣ ತಿಳಿಯಿತು. ಪುಸ್ತಕವೆಂದರೆ ಬಿಡಿ ಹಾಳೆಗಳಲ್ಲ. ದೊಡ್ಡ ಹಾಳೆಯನ್ನು ಮಡಿಸಿ ಮಾಡಿದ ಸಣ್ಣ ಸಣ್ಣ ಕಂತೆಗಳು. ಕಸುಬಿನವರು ಅದನ್ನು ಫಾರಂ ಎನ್ನುತ್ತಾರೆ. ಐದನೆಯದೂ ಏಳನೆಯದೂ ಒಂದೇ ಅಳತೆಯ ಪುಸ್ತಕ, ಒಂದೇ ಬಣ್ಣದ ಕಾಗದ. ಎರಡನ್ನೂ ಒಟ್ಟಿಗೆ ಬಿಚ್ಚಿ ಮೇಜಿನ ಮೇಲೆ ರಾಶಿ ಹಾಕಿಕೊಂಡಾಗ ಒಂದು ರಾಶಿ ಅತ್ತ ಹೋಗಿದೆ, ಇನ್ನೊಂದು ಇತ್ತ ಬಂದಿದೆ. ಪುಟದಡಿಯ ತರಗತಿಯ ಅಂಕಿ ನೋಡಿದ್ದರೆ ಹೀಗಾಗುತ್ತಿರಲಿಲ್ಲ.

ಅವರಿಬ್ಬರೂ ಹೋದ ಮೇಲೆ ನಾನು ಮೆಲ್ಲಗೆ ಕೇಳಿದೆ, "ಅಣ್ಣಾ, ಅಂಕಿ ಕಾಣ್ತಿಲ್ವಾ?"

ಅವನು ಬಹಳ ಹೊತ್ತು ಸೂಜಿಯ ಡಬ್ಬಿಯ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದ.

"ಕಾಣಲ್ಲ ಕಣೇ. ಹತ್ತಿರದ್ದೆಲ್ಲ ಮಬ್ಬು."

"ಯಾವಾಗಿಂದ?"

"ಯಾವಾಗಿಂದ ಅಂತ ಹೇಗೆ ಹೇಳ್ಲಿ? ಕಾಣ್ತಿದೆ ಅಂತಲೇ ಅಂದ್ಕೊಂಡಿದ್ದೆನಲ್ಲ."

ಮರುದಿನ ಬೆಳಿಗ್ಗೆಯೇ ತಾನು ಸನ್ಮಾನಕ್ಕೆ ಬರುವುದಿಲ್ಲವೆಂದು ಶಾಲೆಗೆ ಹೇಳಿ ಕಳಿಸಿದ. ಸಂಜೆ ದೊಡ್ಡ ಟೀಚರೇ ಬಂದರು. ಆ ಶಾಲೆಯ ಮುಖ್ಯೋಪಾಧ್ಯಾಯಿನಿ. ಚಿಕ್ಕಂದಿನಲ್ಲಿ ಇದೇ ಶಾಲೆಯಲ್ಲಿ, ಅಣ್ಣ ಕಟ್ಟಿದ ಪುಸ್ತಕದಲ್ಲೇ ಓದಿದವರು. ಕುರ್ಚಿ ಕೊಟ್ಟರೂ ಕೂರದೆ, ಅಣ್ಣನಂತೆಯೇ ರಟ್ಟಿನ ಕಟ್ಟಿನ ಮೇಲೆ ಕುಳಿತರು.

"ಗೊತ್ತಿದ್ದೂ ನೀವು ಯಾಕೆ ಹೇಳಲಿಲ್ಲ ಟೀಚರ್?" ಎಂದ ಅಣ್ಣ.

"ಹೇಳಿದ್ರೆ ನೀವು ಅಂಗಡಿ ಬಾಗಿಲು ಹಾಕಿಬಿಡ್ತೀರಿ ಅಂತ ಭಯ ಆಯ್ತು."

"ಮುದುಕನ ಕಣ್ಣು ಹೋಯ್ತು ಪಾಪ, ಒಂದು ಸನ್ಮಾನ ಮಾಡಿ ಮನೇಲಿ ಕೂರಿಸೋಣ ಅಂತ. ಅಲ್ವಾ?"

"ಅಣ್ಣಾ!" ಎಂದೆ ನಾನು.

ಟೀಚರ್ ಬೇಸರಿಸಿಕೊಳ್ಳಲಿಲ್ಲ. "ಸನ್ಮಾನದ ಮಾತು ಹೋದ ವರ್ಷವೇ ಆಗಿತ್ತು, ಈ ಪುಸ್ತಕ ಆಮೇಲೆ. ನನಗಿದ್ದದ್ದು ಕನಿಕರ ಅಲ್ಲ, ಸ್ವಾರ್ಥ. ನೀವು ಕೆಲಸ ಬಿಟ್ರೆ ಮುಂದಿನ ವರ್ಷ ನಾನು ಯಾರ ಹತ್ತಿರ ಹೋಗ್ಲಿ?"

ಅಣ್ಣ ತಲೆ ತಗ್ಗಿಸಿದ. ಅವನ ಹೆಬ್ಬೆರಳು ಮೇಜಿನ ಅಂಚಿನಲ್ಲಿ ಅಂಟಿದ್ದ ಹಳೆಯ ಮೈದಾವನ್ನು ಕೆರೆಯುತ್ತಿತ್ತು. ಕೊನೆಗೆ ಹೇಳಿದ, "ತಪ್ಪು ಕಟ್ಟಿದ ಪುಸ್ತಕ ಮಕ್ಕಳ ಚೀಲದಲ್ಲಿರೋವಾಗ ನಾನು ಎಲ್ಲರೆದುರು ಹೇಗೆ ಕೂರ್ಲಿ? ಪುಸ್ತಕ ಎಲ್ಲ ಕಳಿಸಿ. ಸರಿ ಮಾಡ್ತೀನಿ. ಆಮೇಲೂ ಈ ಕೈ ಕೆಲಸಕ್ಕೆ ಬರುತ್ತೆ ಅಂತ ಕಂಡ್ರೆ ಮುಂದಿನ ಮಾತು."

"ಸಮಾರಂಭ ನಾಳಿದ್ದು. ಮುಂದಕ್ಕೆ ಹಾಕೋಕಾಗಲ್ಲ, ಬೇರೆಯವರನ್ನೂ ಕರೆದಿದೀವಿ."

"ಸಮಾರಂಭ ನೀವು ಮಾಡಿ ತಾಯಿ. ನನ್ನ ಕುರ್ಚಿ ತೆಗೆದುಬಿಡಿ."

ಟೀಚರ್ ಎದ್ದರು. "ಪುಸ್ತಕ ಕಳಿಸ್ತೀನಿ. ಕುರ್ಚಿ ಮಾತ್ರ ತೆಗೆಯಲ್ಲ."

ಪುಸ್ತಕಗಳು ಬಂದವು. ಅಣ್ಣ ಚಾಕುವಿನ ತುದಿಯಿಂದ ಒಂದೊಂದರ ಬೆನ್ನು ಬಿಡಿಸಿ ದಾರ ಕತ್ತರಿಸಿದ. ಆ ಕೈಗೆ ಕಣ್ಣಿನ ಹಂಗೇ ಇರಲಿಲ್ಲ. ಕಂತೆಗಳು ಮೇಜಿನ ಮೇಲೆ ಬಿದ್ದಾಗ ಮಾತ್ರ ಚಾಕು ಕೆಳಗಿಟ್ಟ. ಆಮೇಲೆ ನನ್ನ ಕಡೆ ಮುಖ ಮಾಡಿ, ಅಪ್ಪನ ಮಾತನ್ನೇ ತುಸು ಬದಲಿಸಿ ಹೇಳಿದ: "ನೀನು ಓದು. ನಾನು ಕಟ್ತೀನಿ."

ಇಷ್ಟು ವಯಸ್ಸಾದ ಮೇಲೆ ನಾನು ಅಪ್ಪನ ಮೇಜಿಗೆ ಕುಳಿತೆ. ಫಾರಂ ಎತ್ತುವುದು, ತರಗತಿ ನೋಡುವುದು, ಮೊದಲ ಪುಟದ ಅಂಕಿಯನ್ನು ಗಟ್ಟಿಯಾಗಿ ಓದುವುದು, ಅವನ ಎಡಗೈಗೆ ಕೊಡುವುದು. ಅವನು ಹೊಲಿಯುತ್ತಿದ್ದ. ಸೂಜಿ ಒಳಗೆ ಹೋಗಿ ಹೊರಗೆ ಬರುವಾಗ ದಾರ ಎಳೆದ ಸದ್ದು, ಚಿಕ್ಕಂದಿನಲ್ಲಿ ಪಕ್ಕದ ಕೋಣೆಯಿಂದ ಕೇಳುತ್ತಿದ್ದ ಅದೇ ಸದ್ದು.

"ಕಾಲೇಜು ಮೇಡಮ್ಮೋರು ನಿಧಾನ," ಎಂದ ಒಮ್ಮೆ.

"ಕಾಲೇಜಲ್ಲಿ ಇಷ್ಟು ಜೋರು ಮಾಡೋ ಯಜಮಾನ ಇರಲಿಲ್ಲ."

ಹಾಗೆ ಓದುತ್ತಾ ಒಂದು ಫಾರಮಿನಲ್ಲಿ ತಡೆದು ನಿಂತೆ. ಐದನೆಯ ತರಗತಿಯ ಪಾಠ, ಇಷ್ಟು ದಿನ ಏಳನೆಯವರ ಪುಸ್ತಕದಲ್ಲಿದ್ದದ್ದು. ಅಂಚಿನ ತುಂಬ ಸೀಸದಕಡ್ಡಿಯ ಬರಹ. ಕಷ್ಟದ ಶಬ್ದಕ್ಕೆ ಯಾರೋ ದೊಡ್ಡ ಹುಡುಗಿ ಸುಲಭದ ಶಬ್ದ ಬರೆದುಕೊಟ್ಟಿದ್ದಳು. ಕೆಳಗೆ 'ಇಲ್ಲಿ ಉಸಿರು ತಗೊ, ಆಮೇಲೆ ಓದು' ಎಂದಿತ್ತು. ಮುಂದಿನ ಪುಸ್ತಕದಲ್ಲಿ ಬೇರೆ ಕೈ. ಬಾಣದ ಗುರುತು ಹಾಕಿ, 'ಇದನ್ನು ಮೇಷ್ಟ್ರು ಕೇಳೇ ಕೇಳ್ತಾರೆ, ಬಾಯಿಪಾಠ ಮಾಡು ಪುಟ್ಟಾ' ಎಂದು.

ಅಣ್ಣನ ಕೈ ಚಾಚಿಯೇ ಇತ್ತು. "ಏನಾಯ್ತೇ?"

ಓದಿ ಹೇಳಿದೆ. ಅವನು ಸೂಜಿಯನ್ನು ಎದೆಯ ಮೇಲಿನ ಬಟ್ಟೆಗೆ ಚುಚ್ಚಿಕೊಂಡು ಕೇಳುತ್ತಾ ಕೂತ. ಇನ್ನೊಂದು ಓದು ಎಂದ. ಇನ್ನೊಂದನ್ನೂ ಓದಿದೆ.

"ಪುಸ್ತಕ ಗಲೀಜು ಮಾಡಿದ್ರೆ ಅಪ್ಪ ರಬ್ಬರ್ ಹಿಡ್ಕೊಂಡು ಕೂರ್ತಿದ್ರು," ಎಂದೆ.

"ಇದನ್ನ ಅಳಿಸ್ಬೇಡ," ಎಂದ. "ಮುಂದೆ ಬರೋ ಮಕ್ಕಳಿಗೂ ಬೇಕಾಗುತ್ತೆ."

ಸಮಾರಂಭದ ದಿನ ಬೆಳಿಗ್ಗೆ ಅಣ್ಣ ಇಸ್ತ್ರಿಯ ಬಿಳಿ ಅಂಗಿಯನ್ನೇ ತೊಟ್ಟು ಬಂದು ಅಂಟಿನ ಬಟ್ಟಲಿನ ಮುಂದೆ ಕುಳಿತ. ಹೊಲಿಗೆ ಮುಗಿದಿತ್ತು, ರಟ್ಟು ಅಂಟಿಸುವುದು ಬಾಕಿ. ಬೀದಿಯಾಚೆ ಧ್ವನಿವರ್ಧಕ ಮೊದಲು ಗೊರಗೊರ ಎಂದು, ಆಮೇಲೆ ಸರಿಹೋಯಿತು. ಒಬ್ಬೊಬ್ಬರನ್ನೇ ಕರೆಯುತ್ತಿದ್ದರು: ಶಾಲೆಗೆ ಬಾವಿ ತೋಡಿಸಿದಾಕೆ, ರಸ್ತೆ ದಾಟಿಸುವ ಪೇದೆ, ಸಂಜೆ ಲೆಕ್ಕ ಹೇಳಿಕೊಡುವ ಬಡಗಿ. ನಡುನಡುವೆ ಚಪ್ಪಾಳೆ.

ಆಮೇಲೆ ದೊಡ್ಡ ಟೀಚರ ದನಿ. "ಈ ಕುರ್ಚಿ ನಮ್ಮ ರಟ್ಟಿನ ಮಾವನದು. ಅವರು ಬಂದಿಲ್ಲ. ಶಾಲೆಯ ಕೆಲಸದಲ್ಲಿದ್ದಾರೆ."

ಮತ್ತೆ ಚಪ್ಪಾಳೆ ಶುರುವಾಯಿತು, ಮಕ್ಕಳದು, ತಾಳವಿಲ್ಲದ್ದು, ನಿಲ್ಲದ್ದು. ಅಣ್ಣನ ಕೈಯಲ್ಲಿದ್ದ ಕುಂಚದಿಂದ ಅಂಟು ತೊಟ್ಟಿಕ್ಕಿ ಬಿಳಿ ಅಂಗಿಯ ತೋಳಿನ ಮೇಲೆ ಬಿತ್ತು. ಒರೆಸಿಕೊಳ್ಳಲಿಲ್ಲ.

"ಇನ್ನೂ ಹೊಡೀತಿದಾವಲ್ಲೇ," ಎಂದ.

"ಕೈ ನೋಯೋವರೆಗೂ ಹೊಡೀಲಿ ಬಿಡು. ಅಂಟು ಆರಿಹೋಗುತ್ತೆ, ರಟ್ಟು ತಗೋ."

ಕೊನೆಯ ಪುಸ್ತಕಗಳನ್ನು ಒತ್ತಿಗೆ ಇಟ್ಟು, ಮೇಲೆ ಕಲ್ಲು ಹೇರಿದಾಗ ಎದುರಿನ ಅಂಗಳದಲ್ಲಿ ಸದ್ದೆಲ್ಲ ಅಡಗಿತ್ತು. ನಾವಿಬ್ಬರೂ ಬೆಳಗಿನಿಂದ ಏನೂ ತಿಂದಿಲ್ಲವೆಂದು ಆಗ ನೆನಪಾಯಿತು. ಬಾಗಿಲಲ್ಲಿ ನೆರಳು ಸುಳಿಯಿತು. ದೊಡ್ಡ ಟೀಚರ್. ಒಂದು ಕೈಯಲ್ಲಿ ಮುಚ್ಚಿದ ಎರಡು ತಟ್ಟೆ, ಇನ್ನೊಂದು ಕಂಕುಳಲ್ಲಿ ಶಾಲೆಯ ಹಳೆಯ ನಿಘಂಟು, ಬೆನ್ನು ಕಿತ್ತುಹೋದದ್ದು.

ನಿಘಂಟನ್ನು ಅಣ್ಣನ ಮುಂದಿಟ್ಟರು. ಅವನು ಅದರ ಬೆನ್ನಿನ ಮೇಲೆ ಬೆರಳಾಡಿಸಿ, ಹರಿದ ದಾರವನ್ನು ಹುಡುಕಿ, ನನ್ನ ಕಡೆ ತಿರುಗಿದ. "ಅಕ್ಷರ ಸಣ್ಣದು. ಓದ್ತೀಯಾ?"

"ಓದ್ತೀನಿ."

"ಹಾಗಾದ್ರೆ ಇಲ್ಲೇ ಇರ್ಲಿ," ಎಂದ ಟೀಚರಿಗೆ.

ಟೀಚರ್ ನನಗೊಂದು ತಟ್ಟೆ ಕೊಟ್ಟು, ಮೇಜಿನ ಚೂರುಪಾರು ಕಾಗದವನ್ನು ಸರಿಸಿದರು. ಅಣ್ಣನ ತಟ್ಟೆಯ ಮುಚ್ಚಳ ತೆಗೆದು, ಅಂಟು ಹತ್ತಿದ ಅವನ ಎಡಗೈಯನ್ನು ಹಿಡಿದು ತಟ್ಟೆಯ ಅಂಚಿಗೆ ತಾಗಿಸಿ, ಬಲಗೈಗೆ ಚಮಚ ಕೊಟ್ಟರು.